ಕೆರೆ ಏರಿ ಮೇಲಿನ ಸೈಕಲ್ ದಾರಿ: ಗಾಲಿಕುರ್ಚಿ, ಮೂರುಗಾಲಿ ಸೈಕಲ್ಲಿನವರು ಒಳಗೆ ಹೋಗೋದು ಹೇಗೆ?

ಏರಿಮೇಲೆ:
ಎಲ್ಲರಿಗೂ ನಮಸ್ಕಾರ. ಶಿರಸಿ–ಬನವಾಸಿ ಸೀಮೆಯ ಒಂದು ಹಳ್ಳಿಯಲ್ಲಿ ಕೆರೆ ಸುತ್ತ 1.8 ಕಿ.ಮೀ. ಸೈಕಲ್ ದಾರಿ ಆಗ್ತಾ ಇದೆ. ನಡೆಯುವವರಿಗೂ ಅದೇ ದಾರಿ. ಅರ್ಧ ಕೆಲಸ ಆಗಿದೆ, ಉಳಿದರ್ಧಕ್ಕೆ ದುಡ್ಡಿದೆ. ಬೋರ್ಡಿನಲ್ಲಿ ‘ವಿಕಲಚೇತನ ಸ್ನೇಹಿ’ ಅಂತ ಬರೆದೂ ಆಗಿದೆ. ಈಗ ಇರುವ ಸ್ಥಿತಿ ಇದು:

ರಸ್ತೆಯಿಂದ ಏರಿಗೆ 2.4 ಮೀಟರ್ ಎತ್ತರ. ಹತ್ತಲು 14 ಮೆಟ್ಟಿಲು, ಮೆಟ್ಟಿಲಿನ ಪಕ್ಕದಲ್ಲೇ ಸೈಕಲ್ ತಳ್ಳಿಕೊಂಡು ಹೋಗಲು ಸಿಮೆಂಟಿನ ಜಾರು. ಮೇಲೆ ಹೋದರೆ ಬೈಕು, ದನ ಬರದ ಹಾಗೆ ಝಡ್ ಆಕಾರದ ಪೈಪ್ ಗೇಟು, ಒಳಗಿನ ಸಂದು 60 ಸೆಂ.ಮೀ. ಏರಿ ಉದ್ದಕ್ಕೂ ಇಂಟರ್‌ಲಾಕ್ ಕಲ್ಲು, ಆಚೆ ದಡದಲ್ಲಿ ಕೆಂಪು ಗರಸು. ಕೋಡಿ ಮೇಲೆ 1.2 ಮೀ. ಅಗಲದ ಕಿರುಸೇತುವೆ, ಎರಡೂ ಬದಿ ಒಂದು ಮೀಟರ್ ಎತ್ತರದ ಸಿಮೆಂಟ್ ಗೋಡೆ. ಶೌಚಾಲಯಕ್ಕೆ ಪಾಯ ಹಾಕಿದ್ದಾರೆ, ಕಟ್ಟಿಲ್ಲ.

ಉಳಿದ ದುಡ್ಡಲ್ಲಿ ಮೊದಲು ಯಾವುದನ್ನು ಸರಿಮಾಡಬೇಕು? ಗುತ್ತಿಗೆದಾರರ ಮುಂದೆ ಅಳತೆ ಇಟ್ಟು ಮಾತಾಡಬೇಕಾಗಿದೆ. ಅಂದಾಜು ಬೇಡ, ಅಂಕಿ ಬೇಕು.

ಗಟ್ಟಿಕಾಂಕ್ರೀಟ್:
ಮೆಟ್ಟಿಲಿನ ಪಕ್ಕ ಇರೋದನ್ನು ರ‍್ಯಾಂಪ್ ಅಂತ ಯಾರೂ ಕರೀಬೇಡಿ. 14 ಮೆಟ್ಟಿಲು, ಒಂದೊಂದು 30 ಸೆಂ.ಮೀ. ಅಗಲ ಅಂದರೆ 4.2 ಮೀಟರಲ್ಲಿ 2.4 ಮೀಟರ್ ಏರು. ಗಾಲಿಕುರ್ಚಿ ಅದರಲ್ಲಿ ಹತ್ತಿಸಿದರೆ ಹಿಂದಕ್ಕೆ ಮಗುಚುತ್ತೆ. ತಳ್ಳುವವರ ಸಮೇತ.

ಲೆಕ್ಕ ಹೀಗೆ. ನಮ್ಮ ದೇಶದ ಮಾನದಂಡದಲ್ಲಿ ರ‍್ಯಾಂಪಿಗೆ ಗರಿಷ್ಠ ಇಳಿಜಾರು 1:12, ಅಂದರೆ 1 ಮೀ. ಏರಲು 12 ಮೀ. ಉದ್ದ. 2.4 × 12 = 28.8 ಮೀ. ಪ್ರತಿ 9 ಮೀಟರಿಗೊಂದು ಮಟ್ಟಸವಾದ ತಂಗುಜಾಗ, 1.5 ಮೀ. ಉದ್ದದ್ದು. ಮಧ್ಯೆ ಅಂಥದ್ದು ಮೂರು ಬರುತ್ತೆ, ಒಟ್ಟು 33.3 ಮೀ. ಕೆಳಗೂ ಮೇಲೂ ಒಂದೊಂದು ಬೇರೆ ಬೇಕು.

ಸೊಪ್ಪಿನಬೆಟ್ಟ:
33 ಮೀಟರ್ ಜಾಗ ಎಲ್ಲಿಂದ ತರ್ತೀರಿ ಮಾರಾಯ್ರೇ? ಏರಿ ಕೆಳಗೆ ಅಡಿಕೆ ತೋಟ ಇರುತ್ತೆ. 1:8 ಮಾಡಿ, ಹಿಂದಿಂದ ಒಬ್ಬರು ತಳ್ಳಿದರಾಯ್ತು. ಬರುವವರ ಜೊತೆ ಹೇಗೂ ಮನೆಯವರು ಇರ್ತಾರಲ್ಲ.

ಮೂರುಗಾಲಿ:
ಅಲ್ಲೇ ತಪ್ಪಾಗೋದು. ‘ಜೊತೆಗೆ ಯಾರಾದ್ರೂ ಇರ್ತಾರೆ’ ಅಂತ ಹಿಡಿದು ಕಟ್ಟಿದ ದಾರಿಗೆ ಒಬ್ಬರೇ ಬರೋಕೆ ಎಂದೂ ಆಗೋದಿಲ್ಲ.

ಬಂಡಿ, ಮನುಷ್ಯ ಸೇರಿ 100 ಕೆ.ಜಿ. ಅಂತ ಇಟ್ಟುಕೊಳ್ಳಿ. 1:8ರಲ್ಲಿ ಮೇಲಕ್ಕೆ ತಳ್ಳಲು ಹನ್ನೆರಡೂವರೆ ಕೆ.ಜಿ. ಬಲ ಬೇಕು, 1:12ರಲ್ಲಿ ಎಂಟು, 1:20ರಲ್ಲಿ ಐದು. ಗಾಲಿಯ ಘರ್ಷಣೆ ಇನ್ನೂ ಸೇರಿಸಿಲ್ಲ. ಇದನ್ನು ಕೈಯಲ್ಲೇ, ಬಿಡದೆ ಎಳೆಯಬೇಕು.

ಹಳ್ಳಿ ಕಡೆ ಗಾಲಿಕುರ್ಚಿಗಿಂತ ಕೈಯಲ್ಲಿ ಪೆಡಲ್ ತಿರುಗಿಸುವ ಮೂರುಗಾಲಿ ಸೈಕಲ್ಲೇ ಜಾಸ್ತಿ. ಶಿಬಿರಗಳಲ್ಲಿ ಕೊಡೋದೂ ಅದನ್ನೇ. ಮುಂದಿನ ಚಕ್ರಕ್ಕೆ ಚೈನ್ ಇರುವ ಮಾದರಿಯಾದರೆ, ಏರು ಬಂದಾಗ ಭಾರ ಹಿಂದಿನ ಎರಡು ಗಾಲಿ ಮೇಲೆ ಬೀಳುತ್ತೆ, ಮುಂದಿನದು ಹಗುರಾಗುತ್ತೆ. ನೆಲ ಸ್ವಲ್ಪ ಒದ್ದೆ ಇದ್ದರೂ ಚಕ್ರ ನಿಂತಲ್ಲೇ ತಿರುಗುತ್ತೆ, ಬಂಡಿ ಹಿಂದಕ್ಕೆ ಜಾರುತ್ತೆ. ಹಾಗಾಗಿ 1:12 ಅನ್ನೋದು ಕಾಗದದ ಮೇಲಿನ ಗರಿಷ್ಠ. ನಮ್ಮ ಮಳೆಗೆ 1:15ಕ್ಕಿಂತ ಕಡಿದು ಮಾಡಬಾರದು. 1:20 ಆದರೆ ಒಳ್ಳೇದು.

ಗಟ್ಟಿಕಾಂಕ್ರೀಟ್:
ಒಪ್ಪಿದೆ. 1:20 ಅಂದರೆ 48 ಮೀಟರ್. ಸೊಪ್ಪಿನಬೆಟ್ಟ ಅವರೇ, ಅದಕ್ಕೆ ತೋಟದ ಜಾಗ ಬೇಡ. ಏರಿಗೆ ಅಡ್ಡವಾಗಿ ಹೊರಕ್ಕೆ ಚಾಚಬೇಡಿ, ಏರಿಯ ಹೊರಮೈಗೆ ಒತ್ತಿಕೊಂಡು ಉದ್ದಕ್ಕೆ ಏರಿಸಿ. ಹೆಚ್ಚುವರಿ ಅಗಲ ಎರಡು, ಎರಡೂವರೆ ಮೀಟರ್ ಸಾಕು.

ಆದರೆ ಒಂದು ಮಾತು, ಇದರಲ್ಲಿ ರಾಜಿ ಇಲ್ಲ: ರ‍್ಯಾಂಪಿಗಾಗಿ ಏರಿಯನ್ನು ಕಡಿಯಬಾರದು. ಏರಿ ತಗ್ಗಿಸಿ ಇಳಿಜಾರು ಮಾಡೋದು ಅಗ್ಗ ಅಂತ ಗುತ್ತಿಗೆದಾರರು ಹೇಳ್ತಾರೆ. ಕಡಿದ ಜಾಗದಲ್ಲೇ ಜುಲೈ ತಿಂಗಳಲ್ಲಿ ನೀರು ಹೊರಳುತ್ತೆ. ಹೊರಗಿಂದ ಮಣ್ಣು ತುಂಬಿಯೇ ಏರಿಸಬೇಕು. ಮೊದಲು ಹಳೇ ಇಳಿಜಾರಿನ ಹುಲ್ಲು, ಬೇರು ಕೆರೆದು ತೆಗೆದು, ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಚ್ಚು ಮಾಡಿಕೊಳ್ಳಿ. ಇಲ್ಲದಿದ್ದರೆ ಹೊಸ ಮಣ್ಣು ಹಳೇ ಮಣ್ಣಿನ ಮೇಲೆ ಜಾರುತ್ತೆ. ಆಮೇಲೆ 15–20 ಸೆಂ.ಮೀ. ಪದರ ಹಾಕಿ ಒಂದೊಂದಕ್ಕೂ ರೋಲರ್. ಒಂದೇ ಸಲ ಟಿಪ್ಪರಲ್ಲಿ ಸುರಿದು ಮೇಲೆ ಕಾಂಕ್ರೀಟ್ ಹಾಕಿದರೆ ಒಂದೇ ಮಳೆಗಾಲಕ್ಕೆ ಕುಸಿದು, ಸೇರುವಲ್ಲಿ ನಾಲ್ಕು ಬೆರಳಿನ ಹೊಸ್ತಿಲು ಎದ್ದಿರುತ್ತೆ.

ತೂಬಿನ ಬಾಯಿ ಎಲ್ಲಿದೆ ನೋಡಿಕೊಳ್ಳಿ, ಅದರ ಮೇಲೆ ಮಣ್ಣು ಬರಬಾರದು. ಏರಿ ಬುಡದಲ್ಲಿ ಜಿನುಗು ನೀರು ಹೋಗುವ ಕಾಲುವೆ ಇದ್ದರೆ ಮುಚ್ಚಬೇಡಿ. ತಡೆಗೋಡೆ ಕಟ್ಟಿದರೆ ನೀರು ಹೊರಬರಲು ತೂತು ಬಿಡಿ. ಸಣ್ಣ ನೀರಾವರಿಯವರ ಒಪ್ಪಿಗೆ ಬರಹದಲ್ಲೇ ಇರಲಿ.

ಏರಿಮೇಲೆ:
ತೂಬು ಮೆಟ್ಟಿಲಿನಿಂದ 70 ಮೀ. ಆಚೆ ಇದೆ. ಹಾಗಾದರೆ 48 ಮೀಟರ್, ಜೊತೆಗೆ ತಂಗುಜಾಗಗಳು ಆರಾಮಾಗಿ ಹಿಡಿಸುತ್ತವೆ. ರ‍್ಯಾಂಪಿನ ಅಗಲ ಎಷ್ಟು?

ಗಟ್ಟಿಕಾಂಕ್ರೀಟ್:
ಸೈಕಲ್ಲೂ ಅದರಲ್ಲೇ ಬರೋದಾದರೆ 1.8 ಮೀ., ಎರಡು ಗಾಲಿಕುರ್ಚಿ ಎದುರುಬದುರಾಗಿ ದಾಟುವಷ್ಟು. ಎರಡೂ ಬದಿ ಹಿಡಿ ಕಂಬಿ, 76 ಮತ್ತು 90 ಸೆಂ.ಮೀ. ಎತ್ತರದಲ್ಲಿ ಎರಡು ಸಾಲು. ಪೈಪು 4 ಸೆಂ.ಮೀ. ಆಸುಪಾಸಿನ ದಪ್ಪ, ಮುಷ್ಟಿಗೆ ಸಿಗುವಂಥದ್ದು. ರ‍್ಯಾಂಪ್ ಮುಗಿದ ಮೇಲೂ 30 ಸೆಂ.ಮೀ. ಮುಂದಕ್ಕೆ ಬರಲಿ. ಅಂಚಿಗೆ 7–10 ಸೆಂ.ಮೀ. ಕಟ್ಟೆ, ಗಾಲಿ ಹೊರಗೆ ಜಾರದ ಹಾಗೆ.

ಉಣುಗೋಲು:
ಗೇಟಿನ ವಿಷಯಕ್ಕೆ ಬರೋಣ. ಝಡ್ ಗೇಟ್ ತೆಗೆದರೆ ಸಂಜೆ ಬೈಕುಗಳು ನುಗ್ಗುತ್ತವೆ, ಇಂಟರ್‌ಲಾಕ್ ಕಿತ್ತುಹೋಗುತ್ತೆ, ನಡೆಯೋರಿಗೆ ಅಪಾಯ. ಸಂದನ್ನು 80 ಸೆಂ.ಮೀ. ಮಾಡಿದರೆ ಇಬ್ಬರಿಗೂ ಆಗಲ್ವಾ?

ಮೂರುಗಾಲಿ:
ಆಗಲ್ಲ. ಟೇಪ್ ಹಿಡಿದು ನೋಡಿ. ಸಾಮಾನ್ಯ ಬೈಕಿನ ಹ್ಯಾಂಡಲ್ 70ರಿಂದ 80 ಸೆಂ.ಮೀ. ಗಾಲಿಕುರ್ಚಿ 65–70, ಅದರ ಮೇಲೆ ಗಾಲಿ ತಿರುಗಿಸುವ ಕೈಗಳಿಗೆ ಎರಡೂ ಕಡೆ ಜಾಗ ಬೇಕು. ಮೂರುಗಾಲಿ ಸೈಕಲ್ 80–90. ಸ್ಕೂಟರಿಗೆ ಪಕ್ಕದ ಚಕ್ರ ಕೂರಿಸಿದ್ದು ಒಂದು ಮೀಟರ್ ದಾಟುತ್ತೆ. ಅಂದರೆ ಬೈಕು ತಡೆಯುವ ಯಾವ ಸಂದೂ ಬೈಕಿಗಿಂತ ಮೊದಲು ನಮ್ಮನ್ನೇ ತಡೆಯುತ್ತೆ. ಅಳತೆಯಲ್ಲಿ ಇದಕ್ಕೆ ಪರಿಹಾರವೇ ಇಲ್ಲ.

ಝಡ್ ಗೇಟಿನಲ್ಲಿ ಇನ್ನೊಂದು ತೊಂದರೆ: ಒಳಗೆ ತಿರುಗಬೇಕು. ಗಾಲಿಕುರ್ಚಿ ತಿರುಗಲು 1.5 ಮೀ. ವ್ಯಾಸದ ಜಾಗ ಬೇಕು. ಮೂರುಗಾಲಿ ಸೈಕಲ್ ಅಷ್ಟರಲ್ಲೂ ತಿರುಗಲ್ಲ, ಅದರ ಉದ್ದವೇ ಎರಡು ಮೀಟರ್ ಹತ್ತಿರ.

ಉಣುಗೋಲು:
ಹಾಗಾದರೆ ಬೈಕಿನವರಿಗೆ ಬಾಗಿಲು ತೆರೆದು ಕೊಡೋದಾ?

ವರದಾದಂಡೆ:
ಬೈಕು ತಡೆಯೋದಕ್ಕೆ ಗೇಟ್ ಒಂದೇ ದಾರಿ ಅಲ್ಲ. ನೇರವಾಗಿ 1.2 ಮೀ. ಸಂದು ಬಿಟ್ಟು ಕಂಬ ನಿಲ್ಲಿಸಿ. ಕಾರು ಅಷ್ಟಕ್ಕೇ ನಿಲ್ಲುತ್ತೆ. ಬೈಕಿಗೆ ಬೇರೆ ಉಪಾಯ: ಪ್ರವೇಶದ ಎದುರೇ ಬೈಕು ನಿಲ್ಲಿಸುವ ಜಾಗ ಕೊಡಿ, ಅದು 200 ಮೀ. ದೂರ ಇದ್ದರೆ ಜನ ಒಳಗೇ ತರ್ತಾರೆ. ದೀಪ ಹಾಕಿ, ದಂಡದ ಬೋರ್ಡು ಹಾಕಿ, ಚಹಾ ಅಂಗಡಿಗೆ ಪರವಾನಗಿ ಕೊಡುವುದಾದರೆ ಗೇಟಿನ ಹತ್ತಿರವೇ ಕೊಡಿ. ಕಣ್ಣಿದ್ದಲ್ಲಿ ಬೈಕು ಕಡಿಮೆ.

ಕಂಬ ಕಪ್ಪು ಬಣ್ಣದ್ದು ಬೇಡ. ಕಡಿಮೆ ಕಾಣುವವರಿಗೆ ಮಬ್ಬುಗತ್ತಲಲ್ಲಿ ಅದು ಇಲ್ಲವೇ ಇಲ್ಲ. ಹಳದಿ ಪಟ್ಟಿ, ಒಂದು ಮೀಟರ್ ಎತ್ತರ. ಮೊಣಕಾಲೆತ್ತರದ ಗುಂಡುಕಲ್ಲು, ಕಂಬದಿಂದ ಕಂಬಕ್ಕೆ ಸರಪಳಿ, ಎರಡೂ ಬೇಡ.

ಸೊಪ್ಪಿನಬೆಟ್ಟ:
ಬೈಕು ಬಿಡಿ, ದನಕ್ಕೇನು ಮಾಡ್ತೀರಿ? 1.2 ಮೀಟರಲ್ಲಿ ಎಮ್ಮೆ ಸಲೀಸಾಗಿ ಬರುತ್ತೆ. ನಮ್ಮ ಕಡೆಯ ಉಣುಗೋಲು (ಎರಡು ಕಂಬದ ನಡುವೆ ಅಡ್ಡ ಗಳ) ಹಾಕಿಬಿಡಿ, ಎರಡು ಗಳ ಸರಿಸಿದರೆ ಆಯ್ತು.

ಮೂರುಗಾಲಿ:
ಉಣುಗೋಲು ನೋಡೋಕೆ ಚಂದ. ಆದರೆ ಗಳ ಸರಿಸಲು ನಿಂತು ಎರಡೂ ಕೈ ಬಳಸಬೇಕು, ದಾಟಿದ ಮೇಲೆ ತಿರುಗಿ ಮತ್ತೆ ಹಾಕಬೇಕು. ಕುಳಿತವರಿಗೆ, ಊರುಗೋಲಿನವರಿಗೆ ಆಗದ ಕೆಲಸ. ನೆಲದ ಕಂಬಿಜಾಲ ಹಾಕಿದರೆ ದನವೇನೋ ನಿಲ್ಲುತ್ತೆ, ಗಾಲಿಕುರ್ಚಿಯ ಮುಂದಿನ ಪುಟ್ಟ ಗಾಲಿಯೂ ಅದೇ ಸಂದಿನಲ್ಲಿ ಸಿಕ್ಕಿ ನಿಲ್ಲುತ್ತೆ, ಕೂತವರು ಮುಂದಕ್ಕೆ ಬೀಳ್ತಾರೆ.

ಗಟ್ಟಿಕಾಂಕ್ರೀಟ್:
ದನಕ್ಕೆ ತಾನಾಗಿ ಮುಚ್ಚುವ ಬಾಗಿಲು ಹಾಕಿ. ತಿರುಗಣಿ ಓರೆಯಾಗಿ ಕೂರಿಸಿದರೆ ಬಾಗಿಲು ತನ್ನ ಭಾರಕ್ಕೆ ತಾನೇ ವಾಪಸ್ ಬರುತ್ತೆ, ಸ್ಪ್ರಿಂಗ್ ಬೇಡ. ಸ್ಪ್ರಿಂಗ್ ತುಕ್ಕು ಹಿಡಿದರೆ ಒಂದೋ ತೆರೆಯಲ್ಲ, ಇಲ್ಲಾ ಬಂದು ಬಡಿಯುತ್ತೆ. ತೆರೆದಾಗ 1.2 ಮೀ. ಖಾಲಿ ಸಿಗಬೇಕು, ಎರಡೂ ಕಡೆಗೆ ತಿರುಗಬೇಕು. ತಳದಲ್ಲಿ 30 ಸೆಂ.ಮೀ. ಎತ್ತರದ ತಗಡು ಹೊಡೆಯಿರಿ, ಪಾದದ ಹಲಗೆಯಿಂದಲೇ ತಳ್ಳಿಕೊಂಡು ಹೋಗಬಹುದು. ಅಗುಳಿ ಬೇಡ. ಹಾಕಲೇಬೇಕು ಅಂದರೆ ಮುಷ್ಟಿಯಿಂದ ಒತ್ತಿದರೆ ತೆರೆಯುವಂಥದ್ದು, 90–100 ಸೆಂ.ಮೀ. ಎತ್ತರದಲ್ಲಿ.

ಉಣುಗೋಲು:
ಸರಿ, ಇದನ್ನು ಒಪ್ತೇನೆ. ಸ್ಕೂಟರಿನವರದ್ದು ಮಾತ್ರ ಇನ್ನೂ ಬಾಕಿ. ಪಕ್ಕದ ಚಕ್ರದ ಸ್ಕೂಟರ್ 1.2 ಮೀಟರಲ್ಲಿ ಕಷ್ಟ. ಒಳಗೆ ಬಿಡಬೇಕಾ?

ವರದಾದಂಡೆ:
ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ. ಇಂಜಿನ್ ಇರೋದು ಇಂಜಿನ್ನೇ.

ಮೂರುಗಾಲಿ:
ಅದು ಅವರ ಕಾಲು. ಹೊರಗೆ ನಿಲ್ಲಿಸಿ ಅಂದರೆ ಮನೆಗೆ ಹೋಗಿ ಅಂದ ಹಾಗೇ. ಸಂದು 1.5 ಮೀ. ಮಾಡಿ, ನಡಿಗೆಯ ವೇಗದಲ್ಲಿ ಬರಲಿ.

ವರದಾದಂಡೆ:
ಗೇಟಿನ ಒಳಗೇ ನಿಲುಗಡೆ ಕೊಟ್ಟು, ಅಲ್ಲಿಂದ ಮುಂದಕ್ಕೆ ಪಂಚಾಯ್ತಿಯ ಎರಡು ಗಾಲಿಕುರ್ಚಿ ಇಟ್ಟರೆ?

ಮೂರುಗಾಲಿ:
ಯಾರದ್ದೋ ಅಳತೆಯ ಕುರ್ಚಿಯಲ್ಲಿ 1.8 ಕಿ.ಮೀ. ಹೋಗೋಕೆ ಆಗಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ ಕುಶನ್ ಇಲ್ಲದೆ ಅರ್ಧ ಗಂಟೆ ಕೂತರೂ ಒತ್ತುಹುಣ್ಣು ಶುರುವಾಗಬಹುದು, ಚರ್ಮಕ್ಕೆ ಅರಿವಿಲ್ಲದ್ದರಿಂದ ಗೊತ್ತೂ ಆಗಲ್ಲ. ಕುರ್ಚಿ ಇಡಿ, ಬೇಡ ಅನ್ನಲ್ಲ. ಆದರೆ ಸ್ಕೂಟರಿಗೆ ಬದಲಿ ಅಂತ ಲೆಕ್ಕ ಹಾಕಬೇಡಿ.

ಬಿಳಿಕೋಲು:
ಎಲ್ಲರೂ ಗಾಲಿಯ ಬಗ್ಗೆಯೇ ಮಾತಾಡ್ತಿದ್ದೀರಿ. ಕಾಣದವರ ಕಡೆಯಿಂದ ನಾಲ್ಕು ಮಾತು.

ಕಾಯ್ದೆ ಇದೆ ಅಂತ 1.8 ಕಿ.ಮೀ. ಉದ್ದಕ್ಕೂ ಹಳದಿ ಉಬ್ಬುಕಲ್ಲು (ಕಾಣದವರ ಕಾಲಿಗೆ, ಕೋಲಿಗೆ ದಾರಿ ತಿಳಿಸುವ ಹಾಸುಕಲ್ಲು) ಹಾಸಬೇಡಿ. ಅದರ ಬದಲು ದಾರಿಯ ಅಂಚು ಕೋಲಿಗೆ ಸಿಗಲಿ. ನೀರಿನ ಕಡೆ 10 ಸೆಂ.ಮೀ. ಕಟ್ಟೆ ಒಡೆಯದೆ ಉದ್ದಕ್ಕೂ ಬಂದರೆ ಕೋಲು ಅದನ್ನೇ ಹಿಡಿದು ಹೋಗುತ್ತೆ. ಮಳೆನೀರು ಹೋಗಲು ಕಟ್ಟೆ ಕತ್ತರಿಸೋದಾದರೆ ಸಂದು ಸಣ್ಣದಿರಲಿ. ಒಂದಡಿ ಸಂದು ಬಿಟ್ಟರೆ ಕೋಲಿಗೆ ಅದು ತಿರುವಿನ ಹಾಗೆ ಅನಿಸುತ್ತೆ, ಆಚೆ ನೀರು.

ಉಬ್ಬುಚುಕ್ಕಿ ಕಲ್ಲು ಬೇಕಾದ್ದು ರ‍್ಯಾಂಪಿನ ಬುಡ, ತಲೆ, ಮೆಟ್ಟಿಲಿನ ಎರಡೂ ತುದಿ, ಸೇತುವೆಯ ಆರಂಭ. ಅಂಚಿನಿಂದ 30 ಸೆಂ.ಮೀ. ಮೊದಲೇ ಇರಬೇಕು. ಅಂಚಿನಲ್ಲೇ ಇದ್ದರೆ ಕೋಲಿಗೆ ಗೊತ್ತಾಗುವ ಹೊತ್ತಿಗೆ ಕಾಲು ಇಳಿದಿರುತ್ತೆ.

ಆಮೇಲೆ ತಲೆ. ಬಿದಿರು ಮೆಳೆ, ಹೊಂಗೆ ಕೊಂಬೆ, ಬೋರ್ಡಿನ ಮೂಲೆ, ಇವು ಯಾವುವೂ ಕೋಲಿಗೆ ಸಿಗಲ್ಲ, ನೇರ ಮುಖಕ್ಕೆ. 2.2 ಮೀ. ಎತ್ತರದವರೆಗೆ ಖಾಲಿ ಇರಬೇಕು. ಬಿದಿರು ಮಳೆಯ ಭಾರಕ್ಕೆ ಬಾಗುತ್ತೆ, ಹಾಗಾಗಿ ಮೇ ತಿಂಗಳಲ್ಲಿ ಅಳೆದರೆ ಸಾಲದು, ಜುಲೈಯಲ್ಲಿ ಇನ್ನೊಮ್ಮೆ ಕಡಿಯಬೇಕು.

ಕೈಸನ್ನೆ:
ಕಿವಿ ಕೇಳದವರಿಗೆ ಹಿಂದಿಂದ ಹೊಡೆಯುವ ಬೆಲ್ ಕೇಳಲ್ಲ. ಪಕ್ಕಕ್ಕೆ ಸರಿಯಲಿಲ್ಲ ಅಂತ ಸೈಕಲ್ಲಿನವರು ರೇಗೋದು ಬಿಟ್ಟು, ನಿಧಾನ ಮಾಡಿ ದಾಟಬೇಕು. ಕೋಡಿ ಸೇತುವೆಯಲ್ಲಿ 1.2 ಮೀ. ಅಂದರೆ ಅಲ್ಲಿ ಸೈಕಲ್ ಇಳಿದೇ ಹೋಗಬೇಕು ಅಂತ ಚಿತ್ರದ ಬೋರ್ಡು ಹಾಕಿ. ತಿರುವಿನ ಒಳಬದಿಯ ಪೊದೆ ಕಡಿದರೆ ಎದುರು ಬರೋರು ದೂರದಿಂದಲೇ ಕಾಣ್ತಾರೆ.

ಮುಂಡಗೋಡುಹಕ್ಕಿ:
ಆ ಸೇತುವೆಯ ಒಂದು ಮೀಟರ್ ಸಿಮೆಂಟ್ ಗೋಡೆ! ಗಾಲಿಕುರ್ಚಿಯಲ್ಲಿ ಕೂತ ದೊಡ್ಡವರ ಕಣ್ಣು ನೆಲದಿಂದ 1.1, 1.2 ಮೀಟರಲ್ಲಿರುತ್ತೆ. ಅವರಿಗೆ ಗೋಡೆಯ ಮೇಲೆ ಆಕಾಶ, ದೂರದ ನೀರು ಕಾಣುತ್ತೆ, ಹತ್ತಿರದ ನೀರು ಕಾಣಲ್ಲ. ಮಕ್ಕಳಿಗಂತೂ ಗೋಡೆ ಮಾತ್ರ. ಕೆಳಗಿನ 15 ಸೆಂ.ಮೀ. ಗಾಲಿ ತಡೆಯಲು ಇರಲಿ, ಅದರ ಮೇಲೆ ನೆಟ್ಟಗೆ ನಿಂತ ಸರಳಿನ ಕಟಾಂಜನ ಮಾಡಿ. ಅಡ್ಡ ಸರಳು ಬೇಡ, ಮಕ್ಕಳು ಏಣಿ ಹತ್ತಿದ ಹಾಗೆ ಹತ್ತುತ್ತಾರೆ.

ನಮ್ಮ ಅತ್ತಿವೇರಿಯಂಥ ಕಡೆ ಚಳಿಗಾಲದಲ್ಲಿ ಜನ ಬರೋದು ಹಕ್ಕಿ ನೋಡೋಕೆ. ನಿಮ್ಮ ಕೆರೆಯಲ್ಲೂ ಮರೆಗೋಡೆ ಕಟ್ಟುವುದಾದರೆ ನೋಡುವ ಕಿಂಡಿ ಎರಡು ಎತ್ತರದಲ್ಲಿರಲಿ, ನಿಂತವರಿಗೊಂದು, ಕೂತವರಿಗೆ 1 ಮೀಟರಿನಿಂದ ಶುರುವಾಗುವುದೊಂದು. ಕೂತವರ ಕಿಂಡಿಯ ಕೆಳಗೆ 70 ಸೆಂ.ಮೀ. ಎತ್ತರ, 50 ಸೆಂ.ಮೀ. ಆಳ ಖಾಲಿ ಬಿಡಿ, ಮೊಣಕಾಲು ಒಳಗೆ ಹೋಗಬೇಕು. ಇಲ್ಲದಿದ್ದರೆ ಓರೆಯಾಗಿ ಕೂತು ಕತ್ತು ತಿರುಗಿಸಿಯೇ ನೋಡಬೇಕು. ಬೆಳಗಾತ ಒಂದು ಗಂಟೆ ಹಾಗೆ ಕೂರೋಕಾಗಲ್ಲ.

ಸಿದ್ದಾಪುರಮಳೆ:
ನೆಲದ ಬಗ್ಗೆ ಯಾರೂ ಮಾತೇ ಎತ್ತಿಲ್ಲವಲ್ಲ. ಇಂಟರ್‌ಲಾಕಿಗೆ ಅಂಚುಕಲ್ಲು ಕೂರಿಸಿದ್ದಾರಾ? ಇಲ್ಲದಿದ್ದರೆ ಕಲ್ಲುಗಳು ಹೊರಕ್ಕೆ ಸರೀತಾವೆ, ಸಂದಿನ ಮರಳು ತೊಳೆದುಹೋಗುತ್ತೆ, ಒಂದೊಂದು ಮೂಲೆ ಏಳುತ್ತೆ. ಅರ್ಧ ಸೆಂ.ಮೀ. ಎದ್ದರೂ ಗಾಲಿಕುರ್ಚಿಯ ಮುಂದಿನ ಗಾಲಿ ತಡವರಿಸುತ್ತೆ. ಹೊರಗಿನ ಎರಡು ಸಾಲು ಎಬ್ಬಿಸಿ, ಕಾಂಕ್ರೀಟಿನ ಅಂಚು ಕೊಟ್ಟು, ಮತ್ತೆ ಕೂರಿಸಿ.

ಗರಸಿನ ಕಡೆ ಮಳೆಗಾಲದಲ್ಲಿ ಗಾಲಿ ಹೂಳುತ್ತೆ, ಬೇಸಿಗೆಯಲ್ಲಿ ಸಡಿಲ ಹರಳು ಮೇಲೆ ಬಂದು ಜಾರುತ್ತೆ. ಪೂರ್ತಿ ಅಗಲಕ್ಕೆ ಕಾಂಕ್ರೀಟ್ ಮಾಡಲು ದುಡ್ಡು ಸಾಲದಿದ್ದರೆ 1.8 ಮೀ. ಪಟ್ಟಿ ಮಾತ್ರ ಹಾಕಿ: ಗಟ್ಟಿ ಮಾಡಿದ ತಳದ ಮೇಲೆ 10 ಸೆಂ.ಮೀ. ಎಂ20 ದರ್ಜೆಯ ಕಾಂಕ್ರೀಟ್, ಎರಡೂವರೆ ಮೂರು ಮೀಟರಿಗೊಂದು ಕತ್ತರಿಸಿದ ಸಣ್ಣ ಸಂದು. ಮೇಲ್ಮೈಗೆ ಕಸಬರಿಗೆ ಗೆರೆ, ಅದೂ ದಾರಿಗೆ ಅಡ್ಡಲಾಗಿ. ಉದ್ದಕ್ಕೆ ಎಳೆದರೆ ಹಿಡಿತ ಸಿಗಲ್ಲ. ನೀರು ಹರಿಯಲು ಒಂದೇ ಕಡೆಗೆ ವಾಟ, 1:50ಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಕುರ್ಚಿ ತಗ್ಗಿನ ಕಡೆಗೆ ಎಳೆಯುತ್ತೆ, ಒಂದೇ ಕೈಗೆ ದಾರಿಯಿಡೀ ಕೆಲಸ. ಆ ವಾಟ ಕೆರೆ ಕಡೆಗಂತೂ ಬೇಡ.

ಪಾಚಿ: ಆಗಸ್ಟ್ ಹೊತ್ತಿಗೆ ಮರದ ನೆರಳಿನ ಕಾಂಕ್ರೀಟು ಹಸಿರಾಗುತ್ತೆ. ಗಟ್ಟಿ ನಾರಿನ ಪೊರಕೆಯಿಂದ ಹದಿನೈದು ದಿನಕ್ಕೊಮ್ಮೆ ಉಜ್ಜಿದರೆ ಸಾಕು. ಬ್ಲೀಚಿಂಗ್ ಪುಡಿ ಸುರಿಯಬೇಡಿ, ತೊಳೆದ ನೀರು ಕೆರೆಗೇ ಹೋಗುತ್ತೆ, ಮೀನಿಗೆ ಆಗಲ್ಲ. ಜೆಟ್ ಪಂಪು ಇಂಟರ್‌ಲಾಕಿನ ಮರಳನ್ನೇ ಕಿತ್ತು ಹಾಕುತ್ತೆ. ರ‍್ಯಾಂಪಿಗೆ ಆಯಿಲ್ ಪೇಂಟ್ ಬಳಿಯಲೇಬೇಡಿ, ಒದ್ದೆಯಾದರೆ ಗಾಜು.

ಕಡಲತಡಿ:
ಕಾರವಾರದಿಂದ ಒಂದು ಪ್ರಶ್ನೆ, ಸ್ವಲ್ಪ ಬೇರೆ ದಾರಿ. ಟ್ಯಾಗೋರ್ ತೀರದಂಥ ಮರಳಿನಲ್ಲಿ ಇದೇ ಕಾಂಕ್ರೀಟ್ ಪಟ್ಟಿ ನಡೆಯುತ್ತಾ?

ಗಟ್ಟಿಕಾಂಕ್ರೀಟ್:
ಅಲೆ ಮುಟ್ಟುವ ಕಡೆ ನಡೆಯಲ್ಲ, ಅಡಿಯ ಮರಳು ಕೊಚ್ಚಿಹೋಗಿ ಚಪ್ಪಡಿ ಮುರಿಯುತ್ತೆ. ಸುತ್ತಿಡಬಹುದಾದ ಚಾಪೆ ಹಾಸೋದು ವಾಸಿ, ಮಳೆಗಾಲಕ್ಕೆ ಎತ್ತಿಡಬಹುದು. ಮರಳಿಗೆ ಬಲೂನಿನಂಥ ದಪ್ಪ ಟೈರಿನ ಕುರ್ಚಿಗಳಿವೆ, ಗಾಳಿ ಕಡಿಮೆ ಇದ್ದಷ್ಟೂ ಹೂಳಲ್ಲ. ಬಳಸಿದ ಮೇಲೆ ಬೇರಿಂಗಿಗೆ ಸಿಹಿನೀರು ಹಾಕಿ ತೊಳೆಯದಿದ್ದರೆ ಉಪ್ಪು ಒಂದೇ ಋತುವಿನಲ್ಲಿ ಹಿಡಿದುಬಿಡುತ್ತೆ. ಇದಕ್ಕೆ ಬೇರೆ ಚರ್ಚೆ ಶುರುಮಾಡಿ, ಅಲ್ಲಿ ಬರೆಯೋಣ.

ವರದಾದಂಡೆ:
ಶೌಚಾಲಯ ಕಟ್ಟಿಲ್ಲ ಅಂದ್ರಲ್ಲ, ಅದೇ ಒಳ್ಳೇದಾಯ್ತು. ಒಳಗೆ 2 × 2.2 ಮೀ. ಬೇಕು. ಬಾಗಿಲು ಹೊರಕ್ಕೆ ತೆರೆಯಲಿ, 90 ಸೆಂ.ಮೀ. ಖಾಲಿ. ಒಳಕ್ಕೆ ತೆರೆದರೆ, ಬಿದ್ದವರ ಮೈಯೇ ಬಾಗಿಲಿಗೆ ಅಡ್ಡ ಬರುತ್ತೆ, ಹೊರಗಿನವರು ತೆಗೆಯೋಕಾಗಲ್ಲ. ಕಮೋಡ್ ಎತ್ತರ 45–48 ಸೆಂ.ಮೀ. ಅದರ ಒಂದು ಬದಿ ಪೂರ್ತಿ ಖಾಲಿ, ಕುರ್ಚಿಯಿಂದ ಅಡ್ಡ ಸರಿದು ಕೂರೋದಕ್ಕೆ. ಕಟ್ಟಿದ ಮೇಲೆ ಬಕೆಟ್ಟು, ಪೊರಕೆ, ಫಿನಾಯಿಲ್ ಡಬ್ಬ ಎಲ್ಲ ಬಂದು ಕೂರೋದು ಆ ಖಾಲಿ ಜಾಗದಲ್ಲೇ. ಹಾಗಾಗಿ ಸಾಮಾನಿಗೆ ಬೇರೆ ಗೂಡು ಈಗಲೇ ನಕ್ಷೆಯಲ್ಲಿ ಸೇರಿಸಿ. ನೀರಿನ ಕೊಳವೆ ಕೂತಲ್ಲಿಂದ ಕೈಗೆ ಸಿಗಬೇಕು. ಹಿಡಿ ಕಂಬಿಯನ್ನು ಬರೀ ಟೈಲ್ಸಿಗೆ ಸ್ಕ್ರೂ ಹಾಕಿ ಕೂರಿಸಬೇಡಿ, ಗೋಡೆಗೆ ಬೋಲ್ಟ್ ಮಾಡಿ. ದೊಡ್ಡವರೊಬ್ಬರ ಪೂರ್ತಿ ಭಾರ ಅದರ ಮೇಲೆ ಬೀಳುತ್ತೆ.

ಬೀಗದ ಕೈ ಪಂಚಾಯ್ತಿ ಕಚೇರಿಯಲ್ಲಿದ್ದರೆ ಇದಿಷ್ಟೂ ಕಟ್ಟಿದ್ದು ವ್ಯರ್ಥ.

ಕಡತ:
ಕಾನೂನು ಸಂಕ್ಷಿಪ್ತವಾಗಿ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ 44ನೇ ಕಲಮಿನ ಪ್ರಕಾರ, ಮಾನದಂಡ ಪಾಲಿಸದ ನಕ್ಷೆಗೆ ಅನುಮತಿ ಕೊಡುವಂತಿಲ್ಲ, ಪಾಲಿಸದ ಕಟ್ಟಡಕ್ಕೆ ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರವೂ ಸಿಗುವಂತಿಲ್ಲ. ಉಲ್ಲಂಘನೆಗೆ 89ನೇ ಕಲಮಿನಲ್ಲಿ ಮೊದಲ ಸಲ 10,000 ರೂ.ವರೆಗೆ ದಂಡ, ಮರುಕಳಿಸಿದರೆ 50,000ದಿಂದ 5 ಲಕ್ಷ. ‘ಅವೆಲ್ಲ ಬರೀ ಮಾರ್ಗಸೂಚಿ’ ಅಂತ ಯಾರಾದರೂ ಅಂದರೆ, ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ತಪ್ಪು ಎಂದಿದೆ, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿದೆ ಅನ್ನೋದನ್ನು ನೆನಪಿಸಿ.

ಆದರೆ ಪತ್ರ ಕೊಡೋ ಮೊದಲು ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕರೆದುಕೊಂಡು ಹೋಗಿ. ಊರಲ್ಲಿ ಯಾರ ಹತ್ತಿರ ಯಾವ ಬಂಡಿ ಇದೆ ಅನ್ನೋದು ಅವರಿಗೆ ಗೊತ್ತಿರುತ್ತೆ.

ಬಿಳಿಕೋಲು:
ಆ ‘ವಿಕಲಚೇತನ ಸ್ನೇಹಿ’ ಬೋರ್ಡನ್ನು ಮೊದಲು ಇಳಿಸಿ. ಅದರ ಬದಲು ನಿಜ ಬರೆಯಿರಿ: ಒಟ್ಟು ದೂರ ಎಷ್ಟು, ರ‍್ಯಾಂಪ್ ಇಳಿಜಾರು ಎಷ್ಟು, ಅತಿ ಕಿರಿದಾದ ಜಾಗ ಎಷ್ಟು ಸೆಂ.ಮೀ., ಕಾಂಕ್ರೀಟ್ ಎಲ್ಲಿವರೆಗೆ, ಶೌಚಾಲಯ ಎಷ್ಟು ಮೀಟರ್ ದೂರ, ಬೆಂಚು ಎಲ್ಲೆಲ್ಲಿ. ಓದಿದವರು ಅಥವಾ ಓದಿಸಿಕೊಂಡವರು ಹೋಗೋದಾ ಬಿಡೋದಾ ಅಂತ ತಾವೇ ನಿರ್ಧರಿಸ್ತಾರೆ. ಅಕ್ಷರ ದೊಡ್ಡದಿರಲಿ, ಕೂತವರಿಗೂ ಕಾಣುವ ಎತ್ತರದಲ್ಲಿರಲಿ.

ಏರಿಮೇಲೆ:
ಎಲ್ಲರಿಗೂ ತುಂಬಾ ಧನ್ಯವಾದ. ನನ್ನ ಕ್ರಮ ಹೀಗೆ: ಮೊದಲು ರ‍್ಯಾಂಪ್ ಮತ್ತು ಗೇಟು, ಆಮೇಲೆ ಶೌಚಾಲಯದ ನಕ್ಷೆ ತಿದ್ದುಪಡಿ, ಆಮೇಲೆ ಗರಸಿನ ಮೇಲೆ ಪಟ್ಟಿ. ಸೇತುವೆ ಗೋಡೆ ದುಡ್ಡು ಉಳಿದರೆ.

ಮೂರುಗಾಲಿ:
ಅದಕ್ಕೂ ಮೊದಲು ಬಸ್ ನಿಲ್ದಾಣದಿಂದ ರ‍್ಯಾಂಪಿನ ಬುಡದವರೆಗೆ ನೋಡಿ. ಅಲ್ಲಿ ಚರಂಡಿ ದಾಟಬೇಕಾ?

ಏರಿಮೇಲೆ:
ಹೌದು, ದಾಟಬೇಕು. ಎರಡು ಕಡಪಾ ಚಪ್ಪಡಿ ಹಾಕಿದ್ದಾರೆ, ಮಧ್ಯೆ ಮೂರು ಬೆರಳು ಸಂದು ಇದೆ.

ಮೂರುಗಾಲಿ:
ಅಲ್ಲಿಂದ ಶುರುಮಾಡಿ. ಮುಂದಿನ ಗಾಲಿ ಅಲ್ಲೇ ಸಿಕ್ಕಿಬೀಳುತ್ತೆ. 1.8 ಮೀ. ಅಗಲಕ್ಕೆ ಒಂದೇ ಆರ್‌ಸಿಸಿ ಚಪ್ಪಡಿ, ರಸ್ತೆಯ ಮಟ್ಟಕ್ಕೆ ಸರಿಯಾಗಿ. ಜಾಲರಿ ಹಾಕಿದರೆ ಸಂದು 12 ಮಿ.ಮೀ. ಮೀರಬಾರದು, ಸಂದುಗಳು ಹೋಗುವ ದಾರಿಗೆ ಅಡ್ಡಲಾಗಿರಬೇಕು.

ಉಣುಗೋಲು:
ಗೇಟ್ ಬಿಚ್ಚುವ ಮೊದಲು ಒಂದು ಮೂರುಗಾಲಿ ಸೈಕಲ್, ಒಂದು ಗಾಲಿಕುರ್ಚಿ ತರಿಸಿ ಗುತ್ತಿಗೆದಾರರ ಎದುರಿಗೇ ದಾಟಿಸಿ ನೋಡಿ. ಕಂಬದ ಗುಂಡಿ ತೋಡೋದು ಆಮೇಲೆ. ಸಂದು ಅಳೆಯುವಾಗ ಕಂಬದ ನಡುವಿನಿಂದ ನಡುವಿಗೆ ಅಲ್ಲ, ಪೈಪಿನ ಒಳಮೈಯಿಂದ ಒಳಮೈಗೆ ಟೇಪ್ ಹಿಡಿಯಿರಿ.